ಪಡಿಯಚ್ಚು

ಬಾರಕೂರಿನಿಂದ ಮೂಡಕ್ಕೆ, ಹೊಳೆ ಮಗ್ಗುಲು ಬದಲಿಸುವಲ್ಲಿ,
ಅಕ್ಕಣಿ ಪೂಜಾರ್ತಿಯ ಬಾವಿಕಟ್ಟೆಯ ಪಕ್ಕ
ಶಾಸನ ಅಂಗಾತ ಬಿದ್ದಿತ್ತು:
ತಲೆಯ ಕಡೆ ಸೂರ್ಯ, ಚಂದ್ರ,
ಎದೆಯ ಮೇಲೆ ಹಸಿ ಪಂಚೆ, ಅರ್ಧ ತುಂಡು ಬಾರ್ ಸೋಪು.

ನಾನಾಗ ಕಾವಡಿ ಮಾಸ್ತರರ ಚೀಲ ಹೊರುವವ.
ಚೀಲದಲ್ಲಿ ಕಾಗದದ ಸುರುಳಿ, ಒರಟು ಬ್ರಷ್ಷು,
ಮಸಿ, ಅಂಟು, ಬಟ್ಟೆಯ ಉಂಡೆ,
ಮಾಸ್ತರರು ತಿಂದು ಉಳಿಸಿದ ಬನ್ನು.

"ಹ್ವಾಯ್, ಚೂರ್ ನಿಲ್ಲಿ. ನಾಲ್ಕ್ ವಸ್ತ್ರ ಇತ್ತ್."
ನಿಂತೆವು.
ಆರುನೂರು ವರ್ಷ ಕಾದ ಕಲ್ಲು
ಇನ್ನು ನಾಲ್ಕು ವಸ್ತ್ರ ಕಾಯಿತು.

ಆಮೇಲೆ ತೆಂಗಿನ ನಾರಿನಿಂದ ತಿಕ್ಕಿದೆ.
ಸೋಪಿನ ಬಿಳಿ ಹೋಯಿತು, ಪಾಚಿ ಹೋಯಿತು,
ಒಂದು 'ಶ್ರೀ'ಯ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ
ಯಾರದೋ ಅಂಗಿಯ ಗುಂಡಿ ಕೈಗೆ ಬಂತು.
ಕಾಗದ ನೆನೆಸಿ ಹಾಸಿದೆವು.
ಮಾಸ್ತರರು ತಟ್ ತಟ್ ಎಂದು ಬ್ರಷ್ಷು ಬಡಿಯುವುದನ್ನು
ಸೊಂಟಕ್ಕೆ ಕೈಕೊಟ್ಟು ನೋಡಿ ನೋಡಿ, ತಡೆಯದೆ,
"ಕೈ ಅಲ್ಲ ಮಾಸ್ಟ್ರೇ, ಹೆಗ್ಲ್ ಬರ್ಕ್" ಅಂದಳು.

ಬಡಿಯುತ್ತ ಅವರು ಲೋಕದ ಕಲ್ಲುಗಳ ಕಥೆ ತೆಗೆದರು.
ಈಜಿಪ್ಟಿನದೊಂದು, ಮೂರು ಲಿಪಿಯದು,
ಹಳೇ ಕೋಟೆಯ ಗೋಡೆಯೊಳಗೆ ಬರೀ ಕಲ್ಲಾಗಿ ಸೇರಿಹೋಗಿತ್ತಂತೆ.
ಪಾರಸೀಕದ ಬೆಟ್ಟದ ಮೈಯಲ್ಲಿ, ಹದ್ದಿಗೆ ಮಾತ್ರ ಎಟಕುವಲ್ಲಿ,
ರಾಜನೊಬ್ಬ ತನ್ನ ಗೆಲುವುಗಳನ್ನೆಲ್ಲ ಕೊರೆಸಿದ್ದಾನಂತೆ.
"ಅಷ್ಟ್ ಮೇಲೆ ಬರ್ದ್ರೆ ಓದುದ್ ಯಾರ್?"
ಮಾಸ್ತರರ ಬ್ರಷ್ಷು ಒಂದು ಪೆಟ್ಟು ತಪ್ಪಿತು.

ಮಸಿಯುಂಡೆ ಒತ್ತುತ್ತ ಹೋದಂತೆ
ಕಪ್ಪು ಬಲೆಯಲ್ಲಿ ಎಳೆ ಸಿಗಡಿಯ ಹಾಗೆ
ಅಕ್ಷರ ಬೆಳ್ಳಗೆ ಮಿಸುಕಿದವು.
ಸ್ವಸ್ತಿ ಶ್ರೀ. ಶಕವರುಷ... ಅಂಕಿ ಅರ್ಧ.
ಮೂಡಲು ಹೊಳೆಯಿಂದಂ ಪಡುವಲು,
ತೆಂಕಲು ಹಲಸಿನ ಮರದಿಂದಂ ಬಡಗಲು...
ಆಕೆ ತಿರುಗಿ ನೋಡಿದಳು.
ಹೊಳೆ ಇತ್ತು. ಹಲಸು ಇರಲಿಲ್ಲ.
ಈ ಚತುಸ್ಸೀಮೆಯೊಳಗಣ ಬಯಲು, ಬಿತ್ತುವ ಬೀಜ ಮುಡಿ ಆರು,
ಸೂರ್ಯ ಚಂದ್ರರುಳ್ಳನಕ ದೇವರಿಗೆ.

"ಗೆದ್ದಿ ಹೂಡ್ದರ್ ಹೆಸ್ರ್ ಇತ್ತಾ?"
ಇಲ್ಲ.
"ಅರ್ಸನ್ ಹೆಸ್ರ್?"
ಅದೂ ಇಲ್ಲ. ನಾಲ್ಕು, ಐದು, ಆರನೆಯ ಸಾಲು
ಮಗುವಿನ ಕೆನ್ನೆಯಷ್ಟು ನುಣುಪು.
ನಲವತ್ತು ವರ್ಷದ ಒಗೆತ.
ಅಲ್ಲಿ ಮಸಿ ಪೂರಾ ಕೂತಿತ್ತು,
ಒಂದು ಬಿಳಿ ಗೆರೆಯೂ ಇಲ್ಲದೆ, ಮೊರದಗಲ ಕತ್ತಲು.

ಕೆಳಗೆ ಕೆಸರಲ್ಲಿ ಹೂತಿದ್ದ ಕೊನೆಯ ಸಾಲು ಮಾತ್ರ
ನಿನ್ನೆ ಕೊರೆದಷ್ಟು ಸ್ಪಷ್ಟ:
ಇದನಳಿದವರು ವಾರಣಾಸಿಯಲಿ
ಸಾವಿರ ಕವಿಲೆಯ ಕೊಂದ ಪಾಪಕ್ಕೆ ಹೋಹರು.
ಮಾಸ್ತರರು ಓದಿಬಿಟ್ಟು, ಸುಮ್ಮನೆ ಕನ್ನಡಕ ಒರೆಸಿದರು.
ಅಕ್ಕಣಿ ಹಟ್ಟಿಯ ಕಡೆ ನೋಡಿದಳು.
ಇದ್ದದ್ದು ಒಂದು ದನ, ಮೆಲುಕು ಹಾಕುತ್ತಿತ್ತು.
"ಸಾವ್ರವಾ?" ಅಂದಳು. "ಲೆಕ್ಕ ಹಾಕ್ದರ್ ಯಾರ್?"

ಒಳಗೆ ಹೋಗಿ ತಗಡಿನ ಡಬ್ಬಿ ತಂದಳು.
ಭೂನ್ಯಾಯಮಂಡಳಿಯ ಕಾಗದ, ಎಪ್ಪತ್ತಾರನೇ ಇಸವಿ.
ಮೂಡು ಹೊಳೆ, ತೆಂಕು ತೋಡು,
ಆಮೇಲೆ ಒರಲೆ ನಡೆದ ದಾರಿ,
ದಾರಿಯ ಕೊನೆಗೆ ಅರ್ಧ ಸೀಲು, ಗಂಡನ ಹೆಬ್ಬೆಟ್ಟು.
"ಇದ್ಕೂ ನಿಮ್ ಮಸಿ ಹಚ್ಚಿ ಕಾಂಬ."

ಮಾಸ್ತರರು ಆ ಹೆಬ್ಬೆಟ್ಟನ್ನು ಭೂತಗನ್ನಡಿಯಲ್ಲಿ
ಬಹಳ ಹೊತ್ತು ನೋಡಿದರು, ಲಿಪಿ ನೋಡುವ ಹಾಗೆ.
ಬನ್ನು ಚೀಲದಲ್ಲೇ ಉಳಿಯಿತು.

ಆ ಬೇಸಿಗೆ ಲಾರಿ ಬಂದು ಕಲ್ಲನ್ನು ಒಯ್ದಿತು.
ಬದಲಿಗೆ ಪಂಚಾಯತಿನವರು ಸಿಮೆಂಟಿನದೊಂದು ಹಾಕಿಸಿದರು.
ಹಸಿ ಇರುವಾಗಲೇ ಗುತ್ತಿಗೆದಾರ ಅದರ ಮೇಲೆ
ಮೊಳೆಯಿಂದ ತನ್ನ ಹೆಸರು, ತಾರೀಕು ಗೀಚಿದ್ದ.
ನಾನು ಓದಿ ಹೇಳಿದೆ.
ಅಕ್ಕಣಿ ಪಂಚೆ ಹಿಂಡಿ, ನೀರು ಕೊಡವಿ,
ಕಲ್ಲನ್ನೊಮ್ಮೆ ಅಂಗೈಯಲ್ಲಿ ಸವರಿ ನೋಡಿದಳು.
"ಒಂದ್ ಮಳಿಗಾಲ ಸಾಕ್."